ಹಳೇ ಕಾರಿಗೆ ಆಂಪ್ಲಿಫೈಯರ್ ಹಾಕಿಸುವವರೇ, ಮೊದಲು ಬ್ಯಾಟರಿ ಪಕ್ಕದ ಫ್ಯೂಸ್ ನೋಡಿ

ಕಳೆದ ಜುಲೈನಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುತ್ತಿದ್ದೆವು. ಮಂಡಗದ್ದೆ ದಾಟಿ ಸ್ವಲ್ಪ ದೂರ ಬಂದಿದ್ದೆವಷ್ಟೆ. ಜಡಿಮಳೆ, ಕಾರಿನ ಗಾಜೆಲ್ಲ ಏರಿಸಿತ್ತು. ಹಿಂದೆ ಕೂತಿದ್ದ ಅಮ್ಮ, "ಎಂತದೋ ಸುಟ್ಟ ವಾಸನೆ ಬರ್ತಿದೆಯಲ್ಲೋ" ಅಂದರು. ಅಷ್ಟರಲ್ಲಿ ಹೆಡ್‌ಲೈಟು ಮಂಕಾಯಿತು. ಮುಂದಿನ ಸೀಟಿನಲ್ಲಿದ್ದ ಅಪ್ಪಯ್ಯನ ಕಾಲಬುಡದಿಂದ ಬಿಳಿ ಹೊಗೆ ಏಳತೊಡಗಿತು.

ಗಾಡಿ ಪಕ್ಕಕ್ಕೆ ಹಾಕಿ ಕೀ ತಿರುಗಿಸಿ ಆಫ್ ಮಾಡಿದೆ. ಹೊಗೆ ನಿಲ್ಲಲಿಲ್ಲ. ಕೀ ಕೈಯಲ್ಲೇ ಇದೆ, ಎಂಜಿನ್ ನಿಂತಿದೆ, ಹೊಗೆ ಮಾತ್ರ ಜಾಸ್ತಿ ಆಗುತ್ತಲೇ ಇದೆ. ಅಪ್ಪಯ್ಯನಿಗೆ ಮಂಡಿನೋವು, ಬೇಗ ಇಳಿಯಲು ಆಗುವುದಿಲ್ಲ. ಅಮ್ಮನೇ ಇಳಿದು ಬಂದು ಅವರ ಕೈ ಹಿಡಿದು ಎಳೆದರು. ನಾನು ಬಾನೆಟ್ ಎತ್ತಿ, 10 ನಂಬರ್ ಸ್ಪ್ಯಾನರ್‌ನಲ್ಲಿ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿದೆ. ಮಳೆಗೆ ಕೈ ಜಾರುತ್ತಿತ್ತು. ಅದು ಬಿಚ್ಚಿದ ಮೇಲೆಯೇ ಹೊಗೆ ನಿಂತಿದ್ದು. ಆ ಸ್ಪ್ಯಾನರ್ ಬಾಗಿಲ ಪಕ್ಕದ ಖಾನೆಯಲ್ಲಿ ಇರದೇ ಹೋಗಿದ್ದರೆ ಅನ್ನುವುದನ್ನು ಈಗಲೂ ನನಗೆ ಯೋಚಿಸಲು ಆಗುವುದಿಲ್ಲ.

ಅದಕ್ಕೆ ಮೂರು ವಾರ ಮೊದಲು ಆ ಗಾಡಿಗೆ ಆಂಪ್ಲಿಫೈಯರ್, ಅಂದರೆ ಸ್ಟೀರಿಯೊದ ಸದ್ದಿಗೆ ಬಲ ಕೊಡುವ ಡಬ್ಬ, ಹಾಕಿಸಿದ್ದೆ. ಅಪ್ಪಯ್ಯನ 2004ರ ಮಾರುತಿ 800 ಅದು. ಅವರಿಗೆ ತಾಳಮದ್ದಳೆ ಅಂದರೆ ಪ್ರಾಣ. ಹಳೇ ಸ್ಪೀಕರಿನಲ್ಲಿ ಚಂಡೆ ಪೆಟ್ಟು ಡಬ್ಬ ಬಡಿದ ಹಾಗೆ ಕೇಳಿಸುತ್ತಿತ್ತು. ಅವರು ಚೆನ್ನಾಗಿ ಕೇಳಲಿ ಅಂತ ನಾಲ್ಕು ಚಾನೆಲ್ಲಿನ ಆಂಪ್ಲಿಫೈಯರ್, ಹಿಂದಿನ ಟ್ರೇಗೆ ಎರಡು ಸ್ಪೀಕರ್, ಡಿಕ್ಕಿಗೆ ತಗ್ಗು ಸದ್ದಿನ ಒಂದು ಚಿಕ್ಕ ಸಬ್‌ವೂಫರ್ ಹಾಕಿಸಿದೆ. ಅಂಗಡಿಯ ಹೆಸರು ಬರೆಯುವುದಿಲ್ಲ. ಇಂಥ ಕೆಲಸ ಯಾವ ಊರಲ್ಲಾದರೂ ನಡೆಯಬಹುದು, ಹಾಗಾಗಿ ಕೆಲಸದ ಬಗ್ಗೆಯೇ ಬರೆಯುತ್ತೇನೆ.

"ಎರಡು ಗಂಟೆ ಕೆಲಸ ಸಾರ್, ಟೀ ಕುಡಿದು ಬನ್ನಿ" ಅಂದರು. ಹೋಗಿ ಬಂದೆ. ವೈರು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ನಾನು ನೋಡಲೇ ಇಲ್ಲ. ನೀವು ದಯವಿಟ್ಟು ಅಲ್ಲೇ ನಿಂತು ನೋಡಿ.

ಗಾಡಿ ಮೊದಲೇ ಎರಡು ಸಲ ಸೂಚನೆ ಕೊಟ್ಟಿತ್ತು. ಮೊದಲ ದಿನವೇ ಸ್ಪೀಕರಿನಲ್ಲಿ "ಗುಂಯ್" ಅಂತ ಸದ್ದು. ಆಕ್ಸಿಲರೇಟರ್ ಒತ್ತಿದಷ್ಟೂ ಸದ್ದು ಏರುತ್ತಿತ್ತು. ಫೋನ್ ಮಾಡಿದರೆ, "ಹಳೇ ಗಾಡಿ ಸಾರ್, ಅದು ಹಾಗೇ" ಅಂದರು. ಆಮೇಲೆ ಎರಡು ದಿನ ಗಾಡಿ ತೆಗೆದಿರಲಿಲ್ಲ, ಮೂರನೇ ದಿನ ಸ್ಟಾರ್ಟೇ ಆಗಲಿಲ್ಲ. ಮಲ್ಟಿಮೀಟರ್ ಹಿಡಿದರೆ 11.5 ವೋಲ್ಟ್. ಪೂರ್ತಿ ಚಾರ್ಜ್ ಇರುವ ಬ್ಯಾಟರಿ ಸುಮಾರು 12.6 ತೋರಿಸಬೇಕು. 11.5 ಅಂದರೆ ಬರಿದಾದ ಹಾಗೆಯೇ. ಬ್ಯಾಟರಿಗೆ ವಯಸ್ಸಾಯಿತು ಅಂದುಕೊಂಡು ಸುಮ್ನೆ ಚಾರ್ಜ್ ಮಾಡಿಸಿದೆ.

ಹೊಗೆ ಬಂದ ದಿನ ಗಾಡಿಯನ್ನು ಟೋ ಮಾಡಿಸಿಕೊಂಡು ತೀರ್ಥಹಳ್ಳಿಯ ಒಬ್ಬ ಹಳೇ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ಯಾರು ಮಾಡಿದ್ದು ಅಂತ ಕೇಳಲಿಲ್ಲ. ಸೀದಾ ಮುಂದಿನ ಸೀಟು ಬಿಚ್ಚಿ, ಮ್ಯಾಟ್ ಎತ್ತಿದರು. ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ಹೋಗುವ ಕೆಂಪು ವೈರಿನ ಮೇಲಿನ ಪ್ಲಾಸ್ಟಿಕ್ ಗುಳ್ಳೆಗುಳ್ಳೆಯಾಗಿ ಕರಗಿ ಕೆಳಗಿನ ಕಾರ್ಪೆಟ್ಟಿಗೆ ಅಂಟಿಕೊಂಡಿತ್ತು. ಅಪ್ಪಯ್ಯನ ಕಾಲಿದ್ದ ಜಾಗದಿಂದ ಸೀಟಿನವರೆಗೆ ಕಾದ ಸಲಾಕೆ ಇಟ್ಟ ಹಾಗೆ ಕಪ್ಪು ಗೆರೆ. ಗೆರೆ ನಿಂತಿದ್ದು ಸೀಟು ಹಿಂದೆ ಮುಂದೆ ಸರಿಯುವ ರೈಲಿನ ಹತ್ತಿರ. ವೈರನ್ನು ಆ ರೈಲಿನ ಅಡಿಯಲ್ಲೇ ಎಳೆದಿದ್ದರು. ಅವತ್ತು ಬೆಳಿಗ್ಗೆ ಅಪ್ಪಯ್ಯ ಕಾಲು ಚಾಚಲು ಸೀಟು ಹಿಂದಕ್ಕೆ ಸರಿಸಿದ್ದರು. ರೈಲಿನ ಅಂಚು ವೈರಿನ ಮೈ ಸೀಳಿತ್ತು. ಒಳಗಿನ ಎಳೆ ಬಾಡಿಯ ಕಬ್ಬಿಣಕ್ಕೆ ತಾಗಿ ಶಾರ್ಟ್ ಆಗಿತ್ತು.

ವಿಚಿತ್ರ ಅನ್ನಿಸಿದ್ದು ಏನೆಂದರೆ, ಆಂಪ್ಲಿಫೈಯರ್ ಮೈಮೇಲಿದ್ದ 30 ಆಂಪಿಯರ್ ಫ್ಯೂಸ್ ಹಾಗೇ ಇತ್ತು, ಒಂದು ಚೂರೂ ಸುಟ್ಟಿರಲಿಲ್ಲ. ಫ್ಯೂಸ್ ಇದೆಯಲ್ಲ, ಅದು ಯಾಕೆ ಹೋಗಲಿಲ್ಲ ಅಂತ ಕೇಳಿದೆ. ಅವರು ಹೇಳಿದ್ದು ನಮ್ಮ ತೋಟದ ಲೆಕ್ಕ. ಟ್ಯಾಂಕಿನಿಂದ ಹೊರಟ ಪೈಪು ನಡುವೆ ಒಡೆದರೆ, ತೋಟದ ತುದಿಯ ಗೇಟ್‌ವಾಲ್ವ್ ಮುಚ್ಚಿ ಏನು ಉಪಯೋಗ? ನೀರು ಅಲ್ಲಿಯವರೆಗೆ ಬಂದರೆ ತಾನೆ? ಆಂಪ್ಲಿಫೈಯರ್ ಮೇಲಿನ ಫ್ಯೂಸ್ ಕಾಯುವುದು ಆಂಪ್ಲಿಫೈಯರನ್ನು ಮಾತ್ರ. ಬ್ಯಾಟರಿಯಿಂದ ಡಿಕ್ಕಿಯವರೆಗೆ ಗಾಡಿಯ ಉದ್ದಕ್ಕೂ ಹೋಗುವ ವೈರನ್ನು ಕಾಯಲು ಬ್ಯಾಟರಿ ಹತ್ತಿರವೇ ಇನ್ನೊಂದು ಫ್ಯೂಸ್ ಬೇಕು, ಒಂದು ಮೊಳದ ಒಳಗೆ, ಅಂದರೆ 18 ಇಂಚು. ಪ್ಲಸ್ ಟರ್ಮಿನಲ್ಲಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೇದು. ನಮ್ಮ ಗಾಡಿಯಲ್ಲಿ ಅದು ಇರಲೇ ಇಲ್ಲ. ಆ ವೈರು ಸೀದಾ ಬ್ಯಾಟರಿಯಿಂದ ಬರುವುದರಿಂದ ಕೀ ಆಫ್ ಮಾಡಿದರೂ ಅದರ ಕರೆಂಟು ನಿಲ್ಲುವುದಿಲ್ಲ. ಚಿಕ್ಕದೊಂದು ಫ್ಯೂಸ್, ಅದರ ಹೋಲ್ಡರ್, ಇಷ್ಟಕ್ಕೆ ಅಂಗಡಿಯವರು ನಮ್ಮ ಮೂರು ಜೀವ ಒತ್ತೆ ಇಟ್ಟಿದ್ದರು. ಇದನ್ನು ಬರೆಯುವಾಗ ಈಗಲೂ ಸಿಟ್ಟು ಬರುತ್ತೆ.

ಆಮೇಲೆ ಎಲೆಕ್ಟ್ರಿಷಿಯನ್ ವೈರಿನ ಒಂದು ಎಳೆ ಹಿಡಿದು ಬ್ಲೇಡಿನಿಂದ ಕೆರೆದು ತೋರಿಸಿದರು. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಅಷ್ಟೆ. ಅಪ್ಪಟ ತಾಮ್ರದಷ್ಟು ಕರೆಂಟನ್ನು ಇದು ಸಾಗಿಸುವುದಿಲ್ಲ, ಬೇಗ ಬಿಸಿಯಾಗುತ್ತೆ. ನಮ್ಮ ಮಳೆಗಾಲದ ಥಂಡಿಗೆ ಜಾಯಿಂಟಿನಲ್ಲಿ ಬಿಳಿ ಪುಡಿ ಕಟ್ಟುತ್ತೆ. ಅಂಗಡಿಯಲ್ಲಿ ವೈರು ತೋರಿಸಿದಾಗ ನೀವೂ ಒಂದು ಎಳೆ ಕೆರೆದು ನೋಡಿ. ಅವರು ಕೆರೆಯಬೇಡಿ ಅಂದರೆ ಅಲ್ಲಿಂದ ಎದ್ದು ಬನ್ನಿ.

ಎಂಜಿನ್‌ಗೂ ಸೀಟಿಗೂ ನಡುವೆ ಇರುವ ತಗಡಿನ ತೂತಿನಲ್ಲೂ ವೈರು ಅರ್ಧ ಸವೆದಿತ್ತು. ಅಲ್ಲಿ ರಬ್ಬರ್ ಬುಷ್ ಹಾಕಿರಲಿಲ್ಲ. ಸೀಟಿನ ರೈಲು ಬಿಟ್ಟರೂ ಆ ತೂತಿನ ಅಂಚು ನಮ್ಮನ್ನು ಬಿಡುತ್ತಿರಲಿಲ್ಲ.

ಆಂಪ್ಲಿಫೈಯರಿನಿಂದ ಗಾಡಿಯ ಬಾಡಿಗೆ ಕೊಡುವ ಅರ್ಥಿಂಗ್ ವೈರನ್ನು ಡಿಕ್ಕಿಯಲ್ಲಿ ಪೇಂಟಿನ ಮೇಲೆಯೇ ಸ್ಕ್ರೂ ಹೊಡೆದು ಕೂರಿಸಿದ್ದರು. ಕೆಳಗೆ ತುಕ್ಕು. ಮಲೆನಾಡಿನ ಹಳೇ ಗಾಡಿಗಳಲ್ಲಿ ಡಿಕ್ಕಿಗೆ, ಮ್ಯಾಟಿನ ಅಡಿಗೆ ನೀರು ಸೇರುವುದು ಹೊಸತಲ್ಲ, ತಗಡು ಒಳಗಿಂದಲೇ ತಿಂದುಹೋಗಿರುತ್ತೆ. ಎಲೆಕ್ಟ್ರಿಷಿಯನ್ ಗಟ್ಟಿ ಜಾಗ ಹುಡುಕಿ, ತಗಡು ಹೊಳೆಯುವವರೆಗೆ ಉಜ್ಜಿ, ಬೋಲ್ಟ್ ಹಾಕಿ ಬಿಗಿದು, ಮೇಲೆ ಗ್ರೀಸ್ ಬಳಿದರು. ಆಡಿಯೋ ಕೇಬಲನ್ನು ಪವರ್ ವೈರಿನ ಜೊತೆಗೇ ಕಟ್ಟಿದ್ದರು, ಅದನ್ನು ಬಿಚ್ಚಿ ಗಾಡಿಯ ಇನ್ನೊಂದು ಬದಿಯಿಂದ ಎಳೆದರು. "ಗುಂಯ್" ಸದ್ದು ಅಲ್ಲಿಗೇ ಹೋಯಿತು. ಹಳೇ ಗಾಡಿ ಅಂತ ಸಹಿಸಿಕೊಳ್ಳಬೇಕಾದ ಸದ್ದಾಗಿರಲಿಲ್ಲ ಅದು, ಅಲ್ವಾ?

ಬ್ಯಾಟರಿ ಇಳಿದಿದ್ದಕ್ಕೂ ಕಾರಣ ಸಿಕ್ಕಿತು. ಆಂಪ್ಲಿಫೈಯರಿಗೆ "ಏಳು, ಮಲಗು" ಅಂತ ಹೇಳುವ ರಿಮೋಟ್ ವೈರು ಒಂದಿರುತ್ತೆ. ಅದನ್ನು ಸ್ಟೀರಿಯೊ ಹಿಂದಿನ ನೀಲಿ-ಬಿಳಿ ವೈರಿಗೆ ಕೊಡಬೇಕು. ಅಂಗಡಿಯವರು ಯಾವಾಗಲೂ ಕರೆಂಟ್ ಇರುವ ವೈರಿಗೆ ಸೇರಿಸಿದ್ದರು. ಆಂಪ್ಲಿಫೈಯರ್ ರಾತ್ರಿಯೆಲ್ಲ ಎಚ್ಚರವಾಗೇ ಇತ್ತು.

ಇನ್ನು ವ್ಯಾಟ್ ವಿಷಯ. ಡಬ್ಬದ ಮೇಲೆ 1800 ವ್ಯಾಟ್ ಅಂತ ದೊಡ್ಡದಾಗಿ ಬರೆದಿತ್ತು. ಮೈಮೇಲಿನ ಫ್ಯೂಸ್ 30 ಆಂಪಿಯರ್. ಎಂಜಿನ್ ಓಡುವಾಗ ಸಿಗುವುದು ಸುಮಾರು 14 ವೋಲ್ಟ್. ಗುಣಿಸಿದರೆ 420 ವ್ಯಾಟ್, ಅದರಲ್ಲೂ ಅರ್ಧದಷ್ಟು ಬಿಸಿಯಾಗಿಯೇ ಹೋಗುತ್ತೆ. ನಿಜವಾಗಿ 1800 ವ್ಯಾಟ್ ಬೇಕಾದರೆ ಸುಮಾರು 129 ಆಂಪಿಯರ್ ಬೇಕು, ಹಳೇ ಸಣ್ಣ ಕಾರಿನಲ್ಲಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಅದರ ಅರ್ಧವನ್ನೂ ಕೊಡುವುದಿಲ್ಲ. ಅದರ ಮೇಲೆ ನಮ್ಮ ಕಡೆ ಮಳೆಗಾಲದಲ್ಲಿ ಹಗಲಲ್ಲೂ ಹೆಡ್‌ಲೈಟು, ವೈಪರು, ಬ್ಲೋವರು ಎಲ್ಲ ಒಟ್ಟಿಗೆ ಓಡುತ್ತಿರುತ್ತೆ. ಡಬ್ಬದ ಮೇಲಿನ ಸಂಖ್ಯೆ ನೋಡಿ ದುಡ್ಡು ಕೊಡಬೇಡಿ, ಫ್ಯೂಸ್ ನೋಡಿ ಕೊಡಿ.

ಅಂಗಡಿಯವರು ಆಂಪ್ಲಿಫೈಯರಿನ ಗೇನ್, ತಗ್ಗು ಸದ್ದು ಏರಿಸುವ ಬಾಸ್ ಬೂಸ್ಟ್ ಎರಡನ್ನೂ ಕೊನೆಯವರೆಗೆ ತಿರುಗಿಸಿಟ್ಟಿದ್ದರು. ಗೇನ್ ಅಂದರೆ ವಾಲ್ಯೂಮ್ ಅಲ್ಲ, ಸ್ಟೀರಿಯೊ ಕೊಡುವ ಸಿಗ್ನಲ್ಲಿಗೆ ಆಂಪ್ಲಿಫೈಯರನ್ನು ಹೊಂದಿಸುವ ತಿರುಪು. ಪೂರ್ತಿ ಏರಿಸಿದರೆ ಸದ್ದು ಒಡೆಯುತ್ತೆ, ಸ್ಪೀಕರ್ ಸುಡುತ್ತೆ. ಗೇನನ್ನು ಪೂರ್ತಿ ಇಳಿಸಿ, ಬಾಸ್ ಬೂಸ್ಟ್ ಆಫ್ ಮಾಡಿ, ಸ್ಟೀರಿಯೊ ವಾಲ್ಯೂಮ್ ಮುಕ್ಕಾಲು ಭಾಗಕ್ಕೆ ಇಟ್ಟು, ಗೇನ್ ನಿಧಾನಕ್ಕೆ ಏರಿಸಿ. ಸದ್ದು ಬಿರಿಯುವ ಹಾಗೆ ಅನ್ನಿಸಿದ ಕೂಡಲೇ ಸ್ವಲ್ಪ ಹಿಂದಕ್ಕೆ ತನ್ನಿ. ಚಿಕ್ಕ ಸ್ಪೀಕರಿಗೆ 80 ಹರ್ಟ್ಸ್‌ಗಿಂತ ಕೆಳಗಿನ ತಗ್ಗು ಸದ್ದು ಹೋಗದ ಹಾಗೆ ಫಿಲ್ಟರ್ ಹಾಕಿ. ಹೀಗೆ ಮಾಡಿದ ಮೇಲೆಯೇ ಅಪ್ಪಯ್ಯ, ಮದ್ದಳೆ ಬೇರೆ ಚಂಡೆ ಬೇರೆ ಕೇಳುತ್ತಿದೆ ಅಂದಿದ್ದು.

ಅಂಗಡಿಗೆ ವಾಪಸ್ ಹೋಗಿ ಸುಟ್ಟ ವೈರು ತೋರಿಸಿದೆ. ಗ್ಯಾರಂಟಿ ಇರುವುದು ಆಂಪ್ಲಿಫೈಯರಿಗೆ, ವೈರಿಗಲ್ಲ ಅಂದರು. ಇನ್ಶೂರೆನ್ಸ್ ಕೂಡ ಸಿಗುತ್ತಿರಲಿಲ್ಲ, ಹಳೇ ಗಾಡಿ ಅಂತ ಥರ್ಡ್ ಪಾರ್ಟಿ ಮಾತ್ರ ಕಟ್ಟಿದ್ದೆ. ನಮ್ಮದೇ ಗಾಡಿ ಸುಟ್ಟರೆ ಅದರಲ್ಲಿ ಏನೂ ಬರುವುದಿಲ್ಲ.

ಈಗ ಗಾಡಿಯಲ್ಲಿ 8 ಗೇಜಿನ ಅಪ್ಪಟ ತಾಮ್ರದ ವೈರಿದೆ. ಬ್ಯಾಟರಿಯಿಂದ ಒಂದು ಗೇಣು ದೂರದಲ್ಲಿ 40 ಆಂಪಿಯರ್ ಫ್ಯೂಸ್ ಇದೆ. ವೈರು ಸೀಟಿನ ಹತ್ತಿರ ಹೋಗುವುದೇ ಇಲ್ಲ, ಬಾಗಿಲಿನ ಅಂಚಿನ ಪಟ್ಟಿಯ ಒಳಗೆ ಕೊಳವೆಯಲ್ಲಿ ಹೋಗುತ್ತೆ.

ನಿಮ್ಮ ಗಾಡಿಗೆ ಈಗಾಗಲೇ ಆಂಪ್ಲಿಫೈಯರ್ ಹಾಕಿಸಿದ್ದರೆ ಇವತ್ತೇ ಬಾನೆಟ್ ಎತ್ತಿ. ಪ್ಲಸ್ ಟರ್ಮಿನಲ್ಲಿನಿಂದ ಒಳಗೆ ಹೋಗುವ ದಪ್ಪ ವೈರನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ಒಂದು ಮೊಳದೊಳಗೆ ಫ್ಯೂಸ್ ಸಿಗಲಿಲ್ಲವಾ? ಮೊದಲು ಮೈನಸ್ ಬಿಚ್ಚಿ. ಆಮೇಲೆ ಆ ವೈರನ್ನು ಪ್ಲಸ್‌ನಿಂದ ತೆಗೆದು, ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ ಪಕ್ಕಕ್ಕೆ ಕಟ್ಟಿ. ಮೈನಸ್ ವಾಪಸ್ ಹಾಕಿದರೆ ಗಾಡಿ ಎಂದಿನ ಹಾಗೆ ಓಡುತ್ತೆ. ಫ್ಯೂಸ್ ಹಾಕಿಸುವವರೆಗೆ ಹಾಡು ಇಲ್ಲದೆ ಓಡಾಡಿ.