ಇಳಿಜಾರು ನಿಲ್ಲಲ್ಲ, ಆದರೂ ಇದೇ ಮರಳು: ಅಕ್ವೇರಿಯಂ ತಳಕ್ಕೆ ಸಿಲಿಕಾ ಫಿಲ್ಟರ್ ಸ್ಯಾಂಡ್

ಈ ಮರಳಿನ ಮೇಲೆ ನನಗಿರುವ ದೊಡ್ಡ ತಕರಾರು ಒಂದೇ. ಇಳಿಜಾರು ನಿಲ್ಲುವುದಿಲ್ಲ. ಹಿಂದೆ 7 ಸೆಂ.ಮೀ., ಮುಂದೆ 3 ಸೆಂ.ಮೀ. ಇರಲಿ ಅಂತ ಎಷ್ಟು ಅಚ್ಚುಕಟ್ಟಾಗಿ ಜೋಡಿಸಿದರೂ ಕೆಲವು ತಿಂಗಳಲ್ಲಿ ಎಲ್ಲ ಸಮತಟ್ಟು. ಟ್ಯಾಂಕ್‌ಗೆ ಆಳ ಕಾಣುವುದೇ ಆ ಇಳಿಜಾರಿನಿಂದ ಅಲ್ವಾ? ಅದು ಹೋದರೆ ನಿಜಕ್ಕೂ ಬೇಜಾರಾಗುತ್ತದೆ.

ಮೊದಲು ಇದನ್ನೇ ಯಾಕೆ ತಂದೆ ಅಂತ ಹೇಳುತ್ತೇನೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ, ಬೋರ್‌ವೆಲ್ ನೀರು, 2 ಅಡಿ ಟ್ಯಾಂಕ್. ಗಡಸು ನೀರಿಗೆ ದುಬಾರಿ ಅಕ್ವಾ ಸಾಯಿಲ್ (ಗಿಡಗಳಿಗೆಂದೇ ಮಾಡಿದ ಗೊಬ್ಬರದ ಮಣ್ಣಿನ ಕಾಳುಗಳು) ಹಾಕುವುದು ನನಗೆ ಸರಿ ಕಾಣಲಿಲ್ಲ. ಅದು ನೀರಿನ ಕಾರ್ಬೊನೇಟ್ ಗಡಸುತನವನ್ನು ಹೀರಿಕೊಂಡು ಪಿಎಚ್ ಇಳಿಸುತ್ತದೆ. ಆದರೆ ಪ್ರತಿ ವಾರ ಬೋರ್‌ವೆಲ್ ನೀರನ್ನೇ ಸುರಿಯುತ್ತಿದ್ದರೆ ಆ ಶಕ್ತಿ ಬೇಗ ಮುಗಿಯುತ್ತದೆ. ಶುರುವಿನ ಕೆಲವು ವಾರ ಅಮೋನಿಯಾ ಬಿಡುತ್ತದೆ. ವರ್ಷ ಕಳೆದಂತೆ ಕಾಳುಗಳು ಮೆತ್ತಗಾಗಿ ಕೆಸರಾಗುತ್ತವೆ, ಮತ್ತೆ ಹೊಸದು ತರಬೇಕು. ಗಿಡಗಳಿಗಾಗಿಯೇ ಟ್ಯಾಂಕ್ ಇಟ್ಟವರು ಅದನ್ನೇ ಹಾಕಲಿ. ನನಗೆ ಮೀನೇ ಮುಖ್ಯ, ಬಜೆಟ್ಟೂ ಚಿಕ್ಕದು.

ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ ಮಾತ್ರ ಬೇಡ. ಅದು ಕಲ್ಲನ್ನು ಪುಡಿ ಮಾಡಿದ್ದು, ಅಂಚು ಚೂಪು, ದೂಳು ಜಾಸ್ತಿ. ಅಂಗಡಿಯಲ್ಲಿ ಚೆಂದ ಕಾಣುವ ಬಿಳಿ ಹವಳದ ಮರಳು ನೀರಿನ ಗಡಸುತನವನ್ನು ಇನ್ನೂ ಏರಿಸುತ್ತದೆ. ಮಲಾವಿ ಸರೋವರದ ಸಿಕ್ಲಿಡ್‌ಗಳಿಗೆ ಅದು ಹಿತ, ಟೆಟ್ರಾಗಳಿಗೆ ಅಲ್ಲ. ಯಾವ ಮರಳೇ ಆಗಲಿ, ಒಂದು ಚಮಚ ತೆಗೆದುಕೊಂಡು ಅದರ ಮೇಲೆ ವಿನೆಗರ್ ಹಾಕಿ. ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದ ಅಂಶ ಇದೆ ಅಂತ ಅರ್ಥ. ಫಿಲ್ಟರ್ ಸ್ಯಾಂಡ್‌ಗೆ ಏನೂ ಆಗುವುದಿಲ್ಲ. ಅದು ಈಜುಕೊಳದ ಫಿಲ್ಟರ್ ಒಳಗೆ ತುಂಬುವ ಸಿಲಿಕಾ ಮರಳು, ನೀರಿನ ಗುಣವನ್ನು ಬದಲಿಸುವುದಿಲ್ಲ. ವಾಟರ್ ಫಿಲ್ಟರ್ ಸಾಮಾನು ಮಾರುವ ಕಡೆ ಅರ್ಧದಿಂದ ಒಂದು ಮಿ.ಮೀ. ಗ್ರೇಡ್ ಕೇಳಿ. ಅಂಗೈಯಲ್ಲಿ ಉಜ್ಜಿ ನೋಡಿ, ಚುಚ್ಚಬಾರದು.

ತೊಳೆಯುವ ಕೆಲಸ ಬೇಸರದ್ದು, ಆದರೆ ತಪ್ಪಿಸಬೇಡಿ. ಬಕೆಟ್‌ಗೆ ಕಾಲುಭಾಗ ಮಾತ್ರ ಮರಳು ಹಾಕಿ, ಪೈಪ್ ಬಿಟ್ಟು ಕೈಯಿಂದ ತಿರುವುತ್ತಾ ಇರಬೇಕು. ಮೊದಲು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ ಬರುತ್ತದೆ. ತಿಳಿ ಬರುವವರೆಗೂ ಚೆಲ್ಲಿ. ಟ್ಯಾಂಕ್‌ಗೆ ನೀರು ತುಂಬುವಾಗ ಮರಳಿನ ಮೇಲೆ ಒಂದು ತಟ್ಟೆ ಇಟ್ಟು ಅದರ ಮೇಲೆ ಸುರಿಯಿರಿ, ಜೋಡಿಸಿದ್ದು ಕದಡುವುದಿಲ್ಲ.

ಈಗ ಇಳಿಜಾರಿಗೆ ಬರೋಣ. ಮರಳು ತಾನಾಗಿಯೇ ಸ್ವಲ್ಪ ಜಾರುತ್ತದೆ, ಫಿಲ್ಟರ್‌ನ ನೀರಿನ ಸೆಳೆತವೂ ಸ್ವಲ್ಪ ತಳ್ಳುತ್ತದೆ. ಆದರೆ ನಮ್ಮ ಟ್ಯಾಂಕ್‌ನಲ್ಲಿ ಇಳಿಜಾರು ಕೆಡವುವುದರಲ್ಲಿ ದೊಡ್ಡ ಪಾಲು ಬ್ರಾಂಜ್ ಕೋರಿಡೋರಾಸ್ ಎಂಬ, ತಳದಲ್ಲೇ ಓಡಾಡುವ ಸಣ್ಣ ಮೀಸೆ ಮೀನುಗಳದ್ದು. ದೀಪ ಆರಿಸುವ ಸ್ವಲ್ಪ ಮುಂಚೆ ಮುಳುಗುವ ಗುಳಿಗೆ ಹಾಕುತ್ತೇನೆ. ಗುಂಪಾಗಿ ಬರುತ್ತವೆ. ಮೂತಿಯನ್ನು ಕಣ್ಣಿನವರೆಗೂ ಮರಳಿಗೆ ತೂರಿಸಿ, ಬಾಯಿ ತುಂಬ ಮರಳು ಎತ್ತಿ, ತಿನ್ನುವುದನ್ನು ಮಾತ್ರ ಒಳಗೆ ಇಟ್ಟುಕೊಂಡು ಉಳಿದದ್ದನ್ನು ಕಿವಿರಿನಿಂದ ಹೊರಗೆ ಬಿಡುತ್ತವೆ. ಎರಡೂ ಕೆನ್ನೆಯಿಂದ ಮರಳು ಸಣ್ಣಗೆ ಉದುರುತ್ತದೆ. ಹಾಗೆ ಉದುರಿದ ಮರಳು ಹಿಂದಿನ ದಿಬ್ಬದಿಂದ ಮುಂದಕ್ಕೆ ಬಂದು ಬೀಳುತ್ತದೆ.

ಮೊದಲು ನನ್ನ ಬಳಿ ಜಲ್ಲಿ ಇತ್ತು. ಇದೇ ಜಾತಿಯ ಮೀನುಗಳು ಆಗ ಮೇಲೆ ಮೇಲೆ ಓಡಾಡಿಕೊಂಡು ಇರುತ್ತಿದ್ದವು, ಹೀಗೆ ಅಗೆದದ್ದನ್ನು ನಾನು ನೋಡಿರಲೇ ಇಲ್ಲ. ಜಲ್ಲಿಯನ್ನು ಬಾಯಿಗೆ ಎತ್ತುವುದು ಅವುಗಳಿಗೆ ಆಗುವ ಕೆಲಸವಲ್ಲ. ಚೂಪಾದ ಕಲ್ಲಿಗೆ, ಕೊಳಕಾದ ತಳಕ್ಕೆ ಅವುಗಳ ಮೀಸೆ ಸವೆದು ಮೊಂಡಾಗುತ್ತದೆ. ಈಗ ಎಲ್ಲದರ ಮೀಸೆಯೂ ಉದ್ದಕ್ಕಿದೆ. ಇಳಿಜಾರು ಯಾರು ಕೆಡವುತ್ತಿದ್ದಾರೆ ಅಂತ ಗೊತ್ತಾದ ಮೇಲೆ ನನ್ನ ಸಿಟ್ಟು ಬಹಳ ಮಟ್ಟಿಗೆ ಇಳಿಯಿತು.

ಹಾಗಂತ ಸುಮ್ನೆ ಬಿಟ್ಟಿಲ್ಲ. ಹಿಂಭಾಗದಲ್ಲಿ ನೆಟ್ ಬಟ್ಟೆಯ ಚೀಲಗಳಲ್ಲಿ ಲಾವಾ ಕಲ್ಲು ತುಂಬಿ, ಅದರ ಮೇಲೆ ಮರಳು ಮುಚ್ಚಿದ್ದೇನೆ. ಎತ್ತರ ಕಲ್ಲಿನದ್ದು, ಮರಳು ಬರೀ ಹೊದಿಕೆ. ಚೀಲದ ಮುಂದೆ ಚಪ್ಪಟೆ ಕಲ್ಲುಗಳ ಸಾಲು. ಕಲ್ಲುಗಳನ್ನು ಗಾಜಿನ ಮೇಲೆ ಊರಿಸಿ, ಆಮೇಲೆ ಸುತ್ತ ಮರಳು ಹಾಕಿ. ಮರಳಿನ ಮೇಲೆ ಇಟ್ಟರೆ ಮೀನು ಅಡಿಯಲ್ಲಿ ಅಗೆದು ಬೀಳಿಸುತ್ತದೆ. ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ವ್ಯಾಲಿಸ್ನೇರಿಯಾ. ಅದು ಬಳ್ಳಿಯಂತೆ ಹಬ್ಬಿ ಹಿಂದಿನ ಮರಳನ್ನೆಲ್ಲ ಬೇರಿನಲ್ಲಿ ಹಿಡಿದುಕೊಂಡಿದೆ, ಆ ಜಾಗ ಈಗ ಜಾರುವುದಿಲ್ಲ. ಕ್ರಿಪ್ಟೊಕೊರೈನ್ ಕೂಡ ಬೇರಿನಿಂದಲೇ ಊಟ ಮಾಡುವ ಗಿಡ. ಈ ಮರಳಿನಲ್ಲಿ ಗೊಬ್ಬರದ ಅಂಶ ಏನೂ ಇಲ್ಲ, ಹಾಗಾಗಿ ಬುಡದಲ್ಲಿ ರೂಟ್ ಟ್ಯಾಬ್ (ಗೊಬ್ಬರದ ಗುಳಿಗೆ) ಊರುತ್ತಲೇ ಇರಬೇಕು. ಆ ಖರ್ಚನ್ನು ಲೆಕ್ಕಕ್ಕೆ ಹಿಡಿಯಿರಿ.

ವಾರದ ಕೆಲಸ ಹಗುರ. ಕೊಳೆ ಮರಳಿನ ಒಳಗೆ ಇಳಿಯದೆ ಮೇಲೆಯೇ ಕೂರುತ್ತದೆ. ಕೊಳೆ ಎಳೆಯುವ ಸೈಫನ್ ಪೈಪ್‌ನ ಬಾಯಿಯನ್ನು ಮರಳಿಗೆ ಚುಚ್ಚದೆ, ಒಂದು ಬೆರಳು ಮೇಲೆ ಹಿಡಿದು ಸರಿಸಿದರೆ ಕೊಳೆ ಮಾತ್ರ ಎದ್ದು ಬರುತ್ತದೆ. ಆಮೇಲೆ ಬಿದಿರಿನ ಕಡ್ಡಿಯಿಂದ ಹಿಂದಿನ ಆಳದ ಭಾಗವನ್ನು ಅಲ್ಲಲ್ಲಿ ಮೆಲ್ಲಗೆ ಕೆದಕುತ್ತೇನೆ. ಸಣ್ಣ ಮರಳು ಒತ್ತಿಕೊಂಡರೆ ಆಮ್ಲಜನಕ ತಲುಪದ ಜಾಗದಲ್ಲಿ ಹೈಡ್ರೋಜನ್ ಸಲ್ಫೈಡ್ ಸೇರಿಕೊಳ್ಳಬಹುದು, ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಮಲೇಶಿಯನ್ ಟ್ರಂಪೆಟ್ ಬಸವನಹುಳ ಬಿಟ್ಟರೆ ಅವೇ ಒಳಗೆ ಓಡಾಡಿ ಮರಳನ್ನು ಸಡಿಲ ಮಾಡುತ್ತವೆ. ಆದರೆ ಊಟ ಜಾಸ್ತಿ ಹಾಕುವ ಮನೆಯಲ್ಲಿ ವಿಪರೀತ ಹೆಚ್ಚುತ್ತವೆ.

ಐದಕ್ಕೆ ನಾಲ್ಕು ಕೊಡುತ್ತೇನೆ, ಕಳೆದ ಒಂದು ಇಳಿಜಾರಿನದ್ದು. ಗುಡ್ಡ, ಕಣಿವೆ ಇರುವ ಅಕ್ವಾಸ್ಕೇಪ್ ಬೇಕಾದವರು ಇದನ್ನು ತರಬೇಡಿ. ಕೋರಿಡೋರಾಸ್ ಅಥವಾ ಮರಳಿನಲ್ಲಿ ಹುದುಗುವ ಕೂಲಿ ಲೋಚ್ ಮೀನು ಸಾಕುವವರು ಖಂಡಿತ ತನ್ನಿ. 2 ಅಡಿ ಟ್ಯಾಂಕ್‌ಗೆ ಸರಾಸರಿ 5 ಸೆಂ.ಮೀ. ದಪ್ಪಕ್ಕೆ 15 ಕೆ.ಜಿ. ಸಾಕು. ಅಂಗಡಿಯವರು ದೊಡ್ಡ ಚೀಲವನ್ನೇ ಕೊಡುತ್ತೇವೆ ಅಂದರೆ ಮೀನು ಸಾಕುವ ಇನ್ನೊಬ್ಬರ ಜೊತೆ ಹಂಚಿಕೊಳ್ಳಿ.