ಅಂಗಡಿಗೆ ಸ್ವಂತ ಡೊಮೈನಿನ ಮೇಲ್: ಐಮ್ಯಾಪ್, ಥಂಡರ್‌ಬರ್ಡ್ ಜೊತೆ ನಾಲ್ಕು ವರ್ಷ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿ ನಮ್ಮದೊಂದು ಅಂಗಡಿ ಇದೆ. ಪಂಪು, ಪೈಪು, ಸ್ಪ್ರಿಂಕ್ಲರ್, ಅಡಿಕೆಗೆ ಮದ್ದು ಬಿಡುವ ಮೆಷಿನ್, ಹುಲ್ಲು ಹೆರೆಯುವ ಮೆಷಿನ್, ಇವುಗಳ ಬಿಡಿಭಾಗ ಎಲ್ಲ ಸಿಗುತ್ತದೆ. ನಾನು ಅಂಗಡಿಯಲ್ಲಿ ಕೂರುತ್ತೇನೆ. ತಮ್ಮ ತೋಟಗಳಿಗೆ ಹೋಗಿ ಪೈಪ್ ಲೈನ್ ಎಳೆದು ಫಿಟ್ ಮಾಡಿ ಕೊಡುತ್ತಾನೆ. ಲೆಕ್ಕ ನೋಡಲು ಒಬ್ಬಳು ಹುಡುಗಿ ಇದ್ದಾಳೆ. ಮೂರು ಜನರಿಗೆ ಮೂರು ಫೋನು, ಕೌಂಟರಿನಲ್ಲಿ ಒಂದು ಕಂಪ್ಯೂಟರ್, ಮನೆಗೆ ಹೊತ್ತುಕೊಂಡು ಹೋಗುವ ನನ್ನ ಲ್ಯಾಪ್‌ಟಾಪ್ ಒಂದು. ಈ ಐದರಲ್ಲೂ ಅಂಗಡಿಯ ಮೇಲ್ ಒಂದೇ ಥರ ಕಾಣಬೇಕು ಅನ್ನುವುದು ನನ್ನ ಆಸೆಯಾಗಿತ್ತು. ನಾಲ್ಕು ವರ್ಷದಿಂದ ಹಾಗೆ ನಡೆಯುತ್ತಿದೆ. ಸುಲಭದಲ್ಲಿ ಆಗಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ವಾಟ್ಸ್ಯಾಪ್ ಇರುವಾಗ ಮೇಲ್ ಯಾಕೆ ಅಂತ ತುಂಬ ಜನ ಕೇಳಿದ್ದಾರೆ. ಗಿರಾಕಿಗಳ ಜೊತೆ ಮಾತಿಗೆ ವಾಟ್ಸ್ಯಾಪ್ ಸಾಕು, ನಿಜ. ಆದರೆ ಕೊಯಮತ್ತೂರಿನ ಪಂಪು ಕಂಪನಿಗಳ ರೇಟ್ ಲಿಸ್ಟ್, ವಾರಂಟಿ ಕಾಗದ, ಸಂಘ ಸಂಸ್ಥೆಗಳು ಕೇಳುವ ಕೊಟೇಶನ್, ಬ್ಯಾಂಕಿನ ಸ್ಟೇಟ್‌ಮೆಂಟ್ ಎಲ್ಲ ಮೇಲಿನಲ್ಲೇ ಬರುತ್ತವೆ. ಅಲ್ಲದೆ ನಾವಿರುವುದು ಗಡಿಯಲ್ಲಿ. ಅಡ್ಕಸ್ಥಳ ದಾಟಿದರೆ ಕರ್ನಾಟಕ. ವಿಟ್ಲಕ್ಕೋ ಪುತ್ತೂರಿಗೋ ಸಾಮಾನು ಕಳುಹಿಸಿದರೆ ಐಜಿಎಸ್‌ಟಿ ಬಿಲ್ ಮಾಡಬೇಕು. 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಕೂಡ ಬೇಕು. ಈ ಕಾಗದಗಳನ್ನು ಆರು ತಿಂಗಳು ಬಿಟ್ಟು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ವಾಟ್ಸ್ಯಾಪಿನಲ್ಲಿ ಹುಡುಕುವುದು ಬೇಡವೇ ಬೇಡ.

ಮೊದಲು ಹೇಗಿತ್ತು ಅಂತ ಹೇಳುತ್ತೇನೆ. ಒಂದು ಹೋಸ್ಟಿಂಗ್ ಕಂಪನಿಯ ಮೇಲ್ ಇತ್ತು. ಅದನ್ನು ಕೌಂಟರಿನ ಕಂಪ್ಯೂಟರಿಗೆ ಹಾಕಿಕೊಟ್ಟವರು ಪಾಪ್ ಅನ್ನುವ ಪದ್ಧತಿಯಲ್ಲಿ ಹಾಕಿದ್ದರು. ನನಗೆ ಅದು ಗೊತ್ತಿರಲಿಲ್ಲ. ತಮ್ಮ ಮಾತ್ರ ಆಗಾಗ ತೋಟದಿಂದ ಫೋನ್ ಮಾಡುತ್ತಿದ್ದ: "ಅಕ್ಕಾ, ಆ ಕಂಪನಿಯ ಮೇಲ್ ನನ್ನ ಫೋನಿನಲ್ಲಿ ಇಲ್ಲವಲ್ಲ?" ಕೌಂಟರಿನ ಕಂಪ್ಯೂಟರ್ ಆನ್ ಇದ್ದರೆ ಮೇಲನ್ನು ಅದು ಮೊದಲೇ ಎಳೆದುಕೊಂಡಿರುತ್ತಿತ್ತು. ಫೋನಿಗೆ ಏನೂ ಉಳಿಯುತ್ತಿರಲಿಲ್ಲ.

ಆಮೇಲೆ 2020ರ ಅಕ್ಟೋಬರ್. ತುಲಾ ತಿಂಗಳ ಸಿಡಿಲು ನಮ್ಮ ಕಡೆಯವರಿಗೆ ಗೊತ್ತೇ ಇದೆ. ಬೆಳಿಗ್ಗೆ ಚೆನ್ನಾಗಿ ಬಿಸಿಲು, ಮಧ್ಯಾಹ್ನ ಮೂರು ಕಳೆದರೆ ಗುಡುಗು. ಆ ದಿನ ಅಂಗಡಿಯಲ್ಲಿ ಪ್ಲಗ್ ತೆಗೆಯುವುದು ಮರೆತುಹೋಯಿತು. ಕಂಪ್ಯೂಟರ್ ಸುಟ್ಟಿತು, ಹಾರ್ಡ್ ಡಿಸ್ಕ್ ಕೂಡ ಹೋಯಿತು. ಆರು ವರ್ಷದ ಮೇಲ್ ಇದ್ದದ್ದು ಅದೊಂದರಲ್ಲೇ. ವಾರಂಟಿಯಲ್ಲಿದ್ದ ಹನ್ನೊಂದು ಪಂಪುಗಳ ಕಾಗದ ನಮ್ಮ ಕೈಯಲ್ಲಿ ಇಲ್ಲವಾಯಿತು. ಗಿರಾಕಿಗಳು ನಮ್ಮನ್ನು ನಂಬಿ ತೆಗೆದುಕೊಂಡು ಹೋದ ಪಂಪುಗಳು ಅವು. ಎರಡನ್ನು ಕೈಯಿಂದ ದುಡ್ಡು ಹಾಕಿ ರಿಪೇರಿ ಮಾಡಿಸಿ ಕೊಟ್ಟೆವು.

ಪಾಪ್ ಮತ್ತು ಐಮ್ಯಾಪ್ ವ್ಯತ್ಯಾಸ ನನಗೆ ಅರ್ಥವಾದದ್ದು ನಮ್ಮ ಕಸುಬಿನ ಲೆಕ್ಕದಲ್ಲೇ. ಪಾಪ್ ಅಂದರೆ ಕೊಡಪಾನ ತೆಗೆದುಕೊಂಡು ಹೋಗಿ ನೀರು ತುಂಬಿಸಿಕೊಂಡು ಬಂದ ಹಾಗೆ. ಮೊದಲು ಹೋದವರ ಕೊಡಪಾನದಲ್ಲಿ ನೀರು, ಟ್ಯಾಂಕಿ ಖಾಲಿ. ಸರ್ವರಿನಲ್ಲೂ, ಅಂದರೆ ಮೇಲ್ ಕಂಪನಿಯ ಕಂಪ್ಯೂಟರಿನಲ್ಲೂ, ಒಂದು ಪ್ರತಿ ಬಿಡು ಅಂತ ಹೇಳಲು ಬರುತ್ತದೆ. ಆದರೂ ಓದಿದ್ದು ಯಾವುದು, ಉತ್ತರ ಕೊಟ್ಟದ್ದು ಯಾವುದು ಅನ್ನುವುದು ಒಂದು ಸಾಧನದಿಂದ ಇನ್ನೊಂದಕ್ಕೆ ಹೋಗುವುದಿಲ್ಲ. ಐಮ್ಯಾಪ್ ಅಂದರೆ ಮೇಲೆ ಒಂದು ಟ್ಯಾಂಕಿ, ಕೆಳಗೆ ಐದು ನಲ್ಲಿ. ಮೇಲ್ ಇರುವುದು ಸರ್ವರಿನಲ್ಲಿ. ತಮ್ಮ ತೋಟದಲ್ಲಿ ಓದಿದರೆ ನನ್ನ ಪರದೆಯಲ್ಲೂ ಓದಿದ್ದಾಗಿ ಕಾಣುತ್ತದೆ. ನಾನು ಒಂದು ಫೋಲ್ಡರಿಗೆ ಹಾಕಿದರೆ ಅವನಲ್ಲೂ ಅಲ್ಲೇ ಇರುತ್ತದೆ.

2021ರ ಜನವರಿಯಲ್ಲಿ ಹೊಸದಾಗಿ ಶುರು ಮಾಡಿದೆವು. ಜಿಮೇಲ್ ಸಾಕಲ್ಲ ಅಂತ ತಮ್ಮ ಹೇಳಿದ. ಅವನ ಮಾತಿನಲ್ಲೂ ಅರ್ಥ ಇತ್ತು. ಬಿಟ್ಟಿ ಖಾತೆಗೆ 15 ಜಿಬಿ ಜಾಗ ಇದೆ, ಎಲ್ಲ ಸಾಧನದಲ್ಲೂ ನಡೆಯುತ್ತದೆ. ಆದರೆ ಆ 15 ಜಿಬಿಯಲ್ಲೇ ಡ್ರೈವ್, ಫೋಟೋ ಎಲ್ಲ ಹಿಡಿಯಬೇಕು. ಮತ್ತೆ ವಿಳಾಸದ ಕೊನೆಗೆ ನಮ್ಮ ಅಂಗಡಿಯ ಹೆಸರು ಬರುವುದಿಲ್ಲ. ಚೆನ್ನೈಯ ಜೋಹೋ ಕಂಪನಿಯ ಬಿಟ್ಟಿ ಪ್ಲಾನ್ ಕೂಡ ನೋಡಿದೆ. ಅದರಲ್ಲಿ ಸ್ವಂತ ಡೊಮೈನ್ (ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು) ಹಾಕಬಹುದು, 5 ಜನರಿಗೆ ತಲಾ 5 ಜಿಬಿ. ಆದರೆ ಬ್ರೌಸರ್ ಮತ್ತು ಅವರದೇ ಫೋನ್ ಆ್ಯಪಿನಲ್ಲಿ ಮಾತ್ರ ನೋಡಬೇಕು, ಐಮ್ಯಾಪ್ ಬೇಕಿದ್ದರೆ ದುಡ್ಡಿನ ಪ್ಲಾನ್ ತೆಗೆದುಕೊಳ್ಳಬೇಕು. ಬ್ರೌಸರಿನಲ್ಲೇ ಕೆಲಸ ಮಾಡುವವರಿಗೆ ಅದು ಒಳ್ಳೆಯ ಆಯ್ಕೆ ಅಂತ ನಾನು ಈಗಲೂ ಹೇಳುತ್ತೇನೆ. ನಮಗೆ ಮಳೆಗಾಲದಲ್ಲಿ ನೆಟ್ ಹೋದಾಗಲೂ ಹಳೆಯ ಮೇಲ್ ತೆರೆಯಬೇಕಿತ್ತು. ಹಾಗಾಗಿ ಐಮ್ಯಾಪ್ ಇರುವ ಒಂದು ದುಡ್ಡಿನ ಸೇವೆಯಲ್ಲಿ ಮೂರು ಮೇಲ್‌ಬಾಕ್ಸ್ ತೆಗೆದುಕೊಂಡು, ಕಂಪ್ಯೂಟರಿಗೆ ಮತ್ತು ಲ್ಯಾಪ್‌ಟಾಪಿಗೆ ಮೇಲ್ ನೋಡುವ ಸಾಫ್ಟ್‌ವೇರ್ ಥಂಡರ್‌ಬರ್ಡ್ ಹಾಕಿದೆ. ಥಂಡರ್‌ಬರ್ಡಿಗೆ ದುಡ್ಡಿಲ್ಲ. 2004ರಿಂದ ಇರುವ ಸಾಫ್ಟ್‌ವೇರ್ ಅದು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ.

ಮೇಲ್‌ಬಾಕ್ಸ್ ಕೊಡುವ ಕಂಪನಿಯ ಹೆಸರು ಇಲ್ಲಿ ಹೇಳುವುದಿಲ್ಲ. ಅದರ ಸರ್ವರ್ ವರ್ಷಕ್ಕೆ ಒಂದೆರಡು ಸಲ ಅರ್ಧ ದಿನ ನಿಂತದ್ದುಂಟು. ಸಹಾಯಕ್ಕೆ ಬರೆದರೆ ಉತ್ತರ ಬರಲು ಎರಡು ದಿನ. ಆದರೆ ನನಗೆ ಅದಕ್ಕಿಂತ ದೊಡ್ಡ ವಿಷಯ ಡೊಮೈನಿನದು. ಡೊಮೈನ್ ನಮ್ಮ ಹೆಸರಿನಲ್ಲಿದ್ದರೆ ಮೇಲ್ ಕಂಪನಿಯನ್ನು ನಾಳೆ ಬೇಕಾದರೂ ಬದಲಿಸಬಹುದು. ವಿಳಾಸ ಹಾಗೇ ಉಳಿಯುತ್ತದೆ, ಮೇಲ್ ಯಾವ ಸರ್ವರಿಗೆ ಬರಬೇಕು ಅಂತ ಹೇಳುವ ಎಂಎಕ್ಸ್ ರೆಕಾರ್ಡ್ ಅನ್ನುವುದನ್ನು ಹೊಸ ಕಂಪನಿಯ ಕಡೆ ತಿರುಗಿಸಿದರೆ ಆಯಿತು. ನಮ್ಮ ಮೊದಲಿನ ಡೊಮೈನನ್ನು ವೆಬ್‌ಸೈಟ್ ಮಾಡಿಕೊಟ್ಟವರು ತಮ್ಮದೇ ಹೆಸರಿನಲ್ಲಿ ನೋಂದಾಯಿಸಿಕೊಂಡಿದ್ದರು. ಆಮೇಲೆ ಅವರು ಫೋನ್ ಎತ್ತುವುದನ್ನೇ ಬಿಟ್ಟರು. ಕಾರ್ಡಿನಲ್ಲಿ, ಬೋರ್ಡಿನಲ್ಲಿ, ಬಿಲ್ ಪುಸ್ತಕದಲ್ಲಿ ಅಚ್ಚಾಗಿದ್ದ ವಿಳಾಸ ಕೈಬಿಟ್ಟು ಹೋಯಿತು. ಈಗಿನ ಡಾಟ್ ಇನ್ ಡೊಮೈನ್ ನನ್ನ ಹೆಸರಿನಲ್ಲಿ, ನನ್ನ ಫೋನ್ ನಂಬರಿನಲ್ಲಿ ಇದೆ. ಅದರ ಖಾತೆಗೆ ಕೊಟ್ಟ ಮೇಲ್ ವಿಳಾಸ ಮಾತ್ರ ಬೇರೆ, ನನ್ನ ಸ್ವಂತದ ಜಿಮೇಲ್. ಅಂಗಡಿಯ ವಿಳಾಸವನ್ನೇ ಕೊಟ್ಟರೆ, ಡೊಮೈನ್ ಅವಧಿ ಮುಗಿದ ದಿನ ಮೇಲ್ ನಿಲ್ಲುತ್ತದೆ, ಖಾತೆ ತೆರೆಯುವ ದಾರಿಯೂ ಅದರ ಜೊತೆಗೇ ಮುಚ್ಚುತ್ತದೆ.

ಶುರುವಿನ ಎರಡು ತಿಂಗಳು ತಲೆನೋವು ಕೊಟ್ಟದ್ದು ಕಳುಹಿಸಿದ ಮೇಲ್‌ಗಳು. ಬಂದದ್ದು ಎಲ್ಲ ಕಡೆ ಸರಿಯಾಗಿ ಕಾಣುತ್ತಿತ್ತು. ತಮ್ಮ ಫೋನಿನಿಂದ ಕಳುಹಿಸಿದ ಕೊಟೇಶನ್ ಮಾತ್ರ ನನಗೆ ಸಿಗುತ್ತಿರಲಿಲ್ಲ. ಫೋನಿನ ಆ್ಯಪ್ 'ಸೆಂಟ್' ಅನ್ನುವ ಫೋಲ್ಡರಿನಲ್ಲಿ ಇಡುತ್ತಿತ್ತು, ಕಂಪ್ಯೂಟರ್ 'ಸೆಂಟ್ ಐಟಮ್ಸ್' ಅನ್ನುವುದನ್ನು ನೋಡುತ್ತಿತ್ತು. ಹೆಸರು ಬೇರೆ ಅಷ್ಟೇ. ಥಂಡರ್‌ಬರ್ಡಿನಲ್ಲಿ ಖಾತೆಯ ಸೆಟ್ಟಿಂಗ್ ತೆರೆದು, 'ಕಾಪೀಸ್ ಆ್ಯಂಡ್ ಫೋಲ್ಡರ್ಸ್' ಅನ್ನುವಲ್ಲಿ ಯಾವ ಫೋಲ್ಡರ್ ಅಂತ ತೋರಿಸಿಕೊಟ್ಟರೆ ಸರಿಯಾಗುತ್ತದೆ. ಡ್ರಾಫ್ಟ್‌ಗೂ ಇದೇ ಕಥೆ. ಹೊಸ ಸಾಧನ ಸೇರಿಸಿದಾಗಲೆಲ್ಲ ನಾನು ಮೊದಲು ಮಾಡುವ ಪರೀಕ್ಷೆ ಇದು: ಅದರಿಂದ ಒಂದು ಮೇಲ್ ಕಳುಹಿಸುವುದು, ಉಳಿದ ನಾಲ್ಕರಲ್ಲೂ ಕಾಣುತ್ತದಾ ಅಂತ ನೋಡುವುದು.

ಸಾಧನಕ್ಕೆ ಖಾತೆ ಹಾಕುವಾಗ ಸರ್ವರಿನ ಪೋರ್ಟ್ ನಂಬರ್ ಕೊಡಬೇಕಾಗುತ್ತದೆ: ಬರುವ ಮೇಲಿಗೆ 993, ಹೋಗುವುದಕ್ಕೆ 465 ಅಥವಾ 587. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಬಿಲ್ ಪುಸ್ತಕದ ಒಳಗೆ ಅಂಟಿಸಿಟ್ಟಿದ್ದೇನೆ. ಪಾಸ್‌ವರ್ಡ್ ಅಲ್ಲಿ ಬರೆದಿಲ್ಲ.

ಪಾಸ್‌ವರ್ಡಿನ ವಿಷಯ ಬಂತಲ್ಲ, ಇದನ್ನು ದಯವಿಟ್ಟು ಗಮನ ಕೊಟ್ಟು ಓದಿ. ಮೊದಲು ನಮ್ಮಲ್ಲಿ ಐದು ಸಾಧನಕ್ಕೂ ಒಂದೇ ಪಾಸ್‌ವರ್ಡ್ ಇತ್ತು. 2022ರಲ್ಲಿ ತಮ್ಮನ ಫೋನ್ ಕಾಸರಗೋಡಿಗೆ ಹೋಗುವ ಬಸ್ಸಿನಲ್ಲಿ ಕಳೆದುಹೋಯಿತು. ಆ ದಿನ ಎಲ್ಲ ಕಡೆ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಕ್ಕೆ ಮತ್ತೆ ಹಾಕಿ ಮುಗಿಸುವಾಗ ರಾತ್ರಿ ಹತ್ತಾಯಿತು. ಈಗ ಎರಡು ಹಂತದ ಲಾಗಿನ್ ಇದೆ. ಒಂದೊಂದು ಸಾಧನಕ್ಕೂ ಬೇರೆ ಬೇರೆ ಆ್ಯಪ್ ಪಾಸ್‌ವರ್ಡ್ ಮಾಡಿದ್ದೇನೆ, 'ತಮ್ಮನ ಫೋನು', 'ಕೌಂಟರು' ಅಂತ ಹೆಸರಿಟ್ಟು. ಒಂದು ಫೋನ್ ಕಳೆದರೆ ಅದರದ್ದನ್ನು ಮಾತ್ರ ರದ್ದು ಮಾಡಿದರೆ ಸಾಕು. ಕೆಲಸಕ್ಕಿದ್ದವರು ಬಿಟ್ಟು ಹೋದಾಗಲೂ ಹಾಗೆಯೇ. ಅವರು ಮುಜುಗರ ಪಡುವ ಹಾಗೂ ಇಲ್ಲ, ನಮಗೆ ಭಯವೂ ಇಲ್ಲ.

ಐಮ್ಯಾಪ್ ಹಾಕಿದರೆ ಎಲ್ಲ ಭದ್ರ ಅಂತ ನಾನೂ ಅಂದುಕೊಂಡಿದ್ದೆ. ಅದು ತಪ್ಪು. ಒಂದು ನಲ್ಲಿಯಿಂದ ನೀರು ಬಿಟ್ಟರೂ ಟ್ಯಾಂಕಿಯೇ ಖಾಲಿಯಾಗುವುದಲ್ವಾ? ಫೋನಿನಲ್ಲಿ ಜಾಗ ಇಲ್ಲ ಅಂತ ತಮ್ಮ ಒಂದು ಸಂಜೆ ಹಳೆಯ ಮೇಲ್ ಎಲ್ಲ ಅಳಿಸಿದ. ಹತ್ತೇ ನಿಮಿಷದಲ್ಲಿ ನನ್ನ ಪರದೆಯಿಂದಲೂ 2021 ಪೂರ್ತಿ ಮಾಯ. ಕಸದ ಫೋಲ್ಡರಿನಲ್ಲಿ ಇದ್ದ ಕಾರಣ ವಾಪಸ್ ಸಿಕ್ಕಿತು. ಆ ಫೋಲ್ಡರನ್ನು ಹೆಚ್ಚಿನ ಕಂಪನಿಗಳು ಕೆಲವು ದಿನ ಮಾತ್ರ ಉಳಿಸುತ್ತವೆ, ಜಿಮೇಲಿನಲ್ಲಿ 30 ದಿನ. ಅಂದಿನಿಂದ ತಿಂಗಳ ಮೊದಲ ಶನಿವಾರ ಕೌಂಟರಿನ ಕಂಪ್ಯೂಟರಿನಲ್ಲಿ ಬ್ಯಾಕಪ್ ಕೆಲಸ. ಥಂಡರ್‌ಬರ್ಡ್ ಮೇಲ್‌ಗಳ ಪ್ರತಿಯನ್ನು ಕಂಪ್ಯೂಟರಿನಲ್ಲೂ ಇಟ್ಟುಕೊಳ್ಳುತ್ತದೆ. ಥಂಡರ್‌ಬರ್ಡನ್ನು ಮುಚ್ಚಿ, ಮೇಲ್, ಸೆಟ್ಟಿಂಗ್ ಎಲ್ಲ ಇರುವ ಅದರ ಪ್ರೊಫೈಲ್ ಫೋಲ್ಡರನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡುತ್ತೇನೆ. ಡಿಸ್ಕನ್ನು ಮನೆಯ ಗೋದ್ರೇಜಿನಲ್ಲಿ ಇಡುತ್ತೇನೆ, ಅಂಗಡಿಯಲ್ಲಿ ಅಲ್ಲ. ಸಿಡಿಲಿನ ಪಾಠ ಅದು. ಕರೆಂಟು, ನೆಟ್ಟು ಎರಡೂ ಇಲ್ಲದ ಜುಲೈ ತಿಂಗಳಲ್ಲಿ ಲ್ಯಾಪ್‌ಟಾಪ್ ತೆರೆದು ಹಳೆಯ ರೇಟ್ ನೋಡಿ ಹೇಳಲು ಆದದ್ದೂ ಥಂಡರ್‌ಬರ್ಡ್ ಅದರಲ್ಲಿ ಇಟ್ಟುಕೊಂಡ ಪ್ರತಿಯಿಂದಲೇ. ಕೊಳೆರೋಗಕ್ಕೆ ಮದ್ದು ಬಿಡುವ ಸಮಯದಲ್ಲಿ ಬಿಡಿಭಾಗ ಕೇಳಿಕೊಂಡು ಬಂದವರನ್ನು ನಾಳೆ ಬನ್ನಿ ಅಂತ ಕಳುಹಿಸಲು ಮನಸ್ಸು ಬರುವುದಿಲ್ಲ.

ಫೋನಿನಲ್ಲಿ ಕೆ-9 ಮೇಲ್ ಅನ್ನುವ ಮೇಲ್ ಆ್ಯಪ್ ಹಾಕಿದ್ದೆವು. 2022ರಲ್ಲಿ ಅದು ಥಂಡರ್‌ಬರ್ಡಿನ ಜೊತೆ ಸೇರಿತು, 2024ರ ಅಕ್ಟೋಬರಿನಲ್ಲಿ ಆಂಡ್ರಾಯ್ಡಿಗೆ ಥಂಡರ್‌ಬರ್ಡ್ ಹೆಸರಿನಲ್ಲೇ ಬಂತು. ಕಂಪ್ಯೂಟರಿನ ಪರದೆಯಲ್ಲಿ ಬರುವ ಕ್ಯೂಆರ್ ಕೋಡನ್ನು ಫೋನಿಗೆ ತೋರಿಸಿದರೆ ಖಾತೆಯ ಸೆಟ್ಟಿಂಗ್ ದಾಟಿಬಿಡುತ್ತದೆ. ಲೆಕ್ಕದ ಹುಡುಗಿಯ ಹೊಸ ಫೋನಿಗೆ ಐದೇ ನಿಮಿಷದಲ್ಲಿ ಹಾಕಿದೆ. ಒಂದೇ ಮಾತು, ಬ್ಯಾಟರಿ ಉಳಿಸುವ ಸೆಟ್ಟಿಂಗಿನಲ್ಲಿ ಈ ಆ್ಯಪಿಗೆ ವಿನಾಯಿತಿ ಕೊಡಿ. ಇಲ್ಲದಿದ್ದರೆ ಫೋನು ಅದನ್ನು ಮಲಗಿಸಿಬಿಡುತ್ತದೆ, ಮೇಲ್ ಬಂದದ್ದು ಗಂಟೆ ಕಳೆದು ಗೊತ್ತಾಗುತ್ತದೆ.

ನಮ್ಮ ಕೊಟೇಶನ್ ಸ್ಪ್ಯಾಮಿಗೆ ಹೋಗುತ್ತಿದ್ದದ್ದು ಇನ್ನೊಂದು ಸಮಸ್ಯೆ. "ನೀವು ಕಳುಹಿಸಲೇ ಇಲ್ಲ" ಅಂತ ಪುತ್ತೂರಿನ ಒಬ್ಬರು ಬೇಸರದಲ್ಲಿ ಹೇಳಿದಾಗ ತುಂಬಾ ನೋವಾಯಿತು. ಡೊಮೈನಿನ ಡಿಎನ್ಎಸ್‌ನಲ್ಲಿ (ಅದರ ಮೇಲ್, ವೆಬ್‌ಸೈಟ್ ಎಲ್ಲಿವೆ ಅಂತ ಬರೆದಿಡುವ ಜಾಗ) ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅಂತ ಮೂರು ರೆಕಾರ್ಡ್ ಹಾಕಬೇಕಿತ್ತು, ನಾವು ಹಾಕಿರಲಿಲ್ಲ. ಈ ಮೇಲ್ ನಿಜವಾಗಿ ಈ ಡೊಮೈನಿನವರೇ ಕಳುಹಿಸಿದ್ದು ಅಂತ ಅವು ಸಾಕ್ಷಿ ಹೇಳುತ್ತವೆ. 2024ರ ಫೆಬ್ರವರಿಯಿಂದ ಜಿಮೇಲ್ ತನಗೆ ಬರುವ ಎಲ್ಲ ಮೇಲಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಕೇಳುತ್ತದೆ. ಸಣ್ಣ ಅಂಗಡಿ ಅಂತ ಬಿಡುವುದಿಲ್ಲ. ಹಾಕಬೇಕಾದ ಸಾಲುಗಳನ್ನು ಮೇಲ್ ಕಂಪನಿಯೇ ಕೊಡುತ್ತದೆ, ಕಾಪಿ ಮಾಡಿ ಅಂಟಿಸುವುದಷ್ಟೇ. ಹಾಕಿದ ಮೇಲೆ ಅಂಥ ದೂರು ಬಂದಿಲ್ಲ.

ಫೋಟೋ ಜಾಸ್ತಿ ಕಳುಹಿಸುವವರಿಗೆ ಒಂದು ಲೆಕ್ಕ. ಜಿಮೇಲಿನಲ್ಲಿ ಮಿತಿ 25 ಎಂಬಿ. ಆದರೆ ಫೈಲು ಮೇಲಿನಲ್ಲಿ ಹೋಗುವಾಗ ಸುಮಾರು ಮೂರನೇ ಒಂದು ಭಾಗ ಉಬ್ಬುತ್ತದೆ. 20 ಎಂಬಿ ಇದ್ದದ್ದು 27 ಆಗುತ್ತದೆ. ತಮ್ಮ ತೋಟದ ಅಳತೆಯ ಫೋಟೋಗಳನ್ನು ಸಣ್ಣದು ಮಾಡಿಯೇ ಹಾಕುತ್ತಾನೆ ಈಗ.

ಕನ್ನಡದ ವಿಷಯ ಹೇಳದೆ ಇರಲಾರೆ. ಕಂಪನಿಗಳ ಜೊತೆ ಇಂಗ್ಲಿಷ್, ಸರಕಾರಿ ಕಾಗದ ಮಲಯಾಳ, ನಮ್ಮ ಗಿರಾಕಿಗಳಲ್ಲಿ ಸುಮಾರು ಜನರಿಗೆ ಕನ್ನಡ. ಕೊಟೇಶನ್ ಕನ್ನಡದಲ್ಲಿ ಕೊಟ್ಟರೆ ವಯಸ್ಸಾದವರು ತಾವೇ ಓದಿ ಒಪ್ಪುತ್ತಾರೆ, ಮಗನನ್ನು ಕರೆಯಬೇಕಾಗಿಲ್ಲ. ನಮ್ಮ ಹಳೆಯ ಪಟ್ಟಿಗಳು ಹಳೇ ನುಡಿ ಫಾಂಟಿನಲ್ಲಿ ಇದ್ದವು. ಆ ಫಾಂಟ್ ಇಲ್ಲದ ಫೋನಿನಲ್ಲಿ ಅವು ಅರ್ಥವಿಲ್ಲದ ಅಕ್ಷರವಾಗಿ ಕಾಣುತ್ತಿದ್ದವು. ಎಲ್ಲವನ್ನೂ ಯಾವ ಫೋನಿನಲ್ಲೂ ಓದಲು ಬರುವ ಯೂನಿಕೋಡಿಗೆ ಬದಲಿಸಲು ಎರಡು ವಾರ ಹಿಡಿಯಿತು. ಈಗ ಥಂಡರ್‌ಬರ್ಡಿನ ಹುಡುಕುವ ಜಾಗದಲ್ಲಿ 'ಸುರಂಗ' ಅಂತ ಟೈಪ್ ಮಾಡಿದರೆ ಗುಡ್ಡ ಕೊರೆದು ಮಾಡಿದ ಸುರಂಗದ ನೀರಿಗೆ ಪೈಪು ಹಾಕಿದ ಮನೆಗಳ ಕೊಟೇಶನ್ ಎಲ್ಲ ಸಾಲಾಗಿ ಬರುತ್ತದೆ. ಮೊದಲ ಸಲ ಬಂದಾಗ ಆದ ಸಂತೋಷ ಇನ್ನೂ ನೆನಪಿದೆ.

ಕೊನೆಗೆ ಒಂದು ಎಚ್ಚರಿಕೆ. ಹೋದ ವರ್ಷ ನಮಗೆ ಸಾಮಾನು ಕೊಡುವವರ ಹೆಸರಿನಲ್ಲಿ ಒಂದು ಮೇಲ್ ಬಂತು, ಬ್ಯಾಂಕ್ ಖಾತೆ ಬದಲಾಗಿದೆ, 1,38,000 ರೂಪಾಯಿ ಇದಕ್ಕೆ ಹಾಕಿ ಅಂತ. ಫೋನಿನ ಪರದೆಯಲ್ಲಿ ಕಾಣುವುದು ಬರೀ ಹೆಸರು. ಲೆಕ್ಕದ ಹುಡುಗಿ ಹಾಕುವುದಕ್ಕೆ ಹೊರಟಿದ್ದಳು. "ಅಕ್ಕಾ, ಇದೊಮ್ಮೆ ನೋಡಿ" ಅಂತ ಕೇಳಿದ್ದರಿಂದ ಬಚಾವಾದೆವು. ಕಂಪ್ಯೂಟರಿನಲ್ಲಿ ಪೂರ್ತಿ ವಿಳಾಸ ನೋಡಿದರೆ ಒಂದು ಅಕ್ಷರ ಬೇರೆ ಇತ್ತು. ಈಗ ಖಾತೆ ನಂಬರ್ ಬದಲಾದರೆ ಹಳೆಯ ಫೋನ್ ನಂಬರಿಗೆ ಕರೆ ಮಾಡಿ ಕೇಳದೆ ಒಂದು ರೂಪಾಯಿಯೂ ಹೋಗುವುದಿಲ್ಲ. ದುಡ್ಡು ಹೋಗಿಯೇ ಬಿಟ್ಟರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಒಬ್ಬರೇ ನಡೆಸುವ ಅಂಗಡಿ, ಒಂದೇ ಫೋನ್ ಅಂದರೆ ಇಷ್ಟೆಲ್ಲ ಬೇಡ, ಜಿಮೇಲ್ ಸಾಕು. ಇಬ್ಬರು ಮೂವರು ಸೇರಿ ನೋಡುವ ಮೇಲಾದರೆ ನಾನು ಇದನ್ನೇ ಹೇಳುವುದು. ಡೊಮೈನಿನ ಅವಧಿ ಮುಗಿಯುತ್ತಾ ಬಂದಿತ್ತು, ಮೊನ್ನೆ ಇನ್ನೂ 5 ವರ್ಷಕ್ಕೆ ದುಡ್ಡು ಕಟ್ಟಿದೆ. ಮೇಲ್‌ಬಾಕ್ಸ್ ಕೂಡ ಒಂದು ಜಾಸ್ತಿ ಮಾಡಿದೆ, ತಮ್ಮನ ಹೆಂಡತಿ ಬರುವ ತಿಂಗಳಿಂದ ಕೌಂಟರಿಗೆ ಬರುತ್ತಾಳೆ.