ಆರು ಮಳೆಗಾಲ, ನಾಲ್ಕು ಥರದ ರಾಡು: ನನ್ನ ವೆಲ್ಡಿಂಗ್ ಶೆಡ್ಡಿನ ಲೆಕ್ಕ

ಸಾಗರದ ಹತ್ತಿರ ನನ್ನದೊಂದು ಸಣ್ಣ ವೆಲ್ಡಿಂಗ್ ಶೆಡ್ಡು ಇದೆ. ಗೇಟು, ಕಿಟಕಿ ಗ್ರಿಲ್ಲು, ಟಿಲ್ಲರ್ ಟ್ರೇಲರು, ಅಡಿಕೆ ಸುಲಿಯುವ ಮೆಷಿನ್ನಿನ ಸ್ಟ್ಯಾಂಡು, ಬಂದದ್ದೆಲ್ಲ ಮಾಡುತ್ತೇನೆ. 200 ಆಂಪ್‌ನ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ತಗೊಂಡು ಆರು ಮಳೆಗಾಲ ಆಯ್ತು. ಹೊಸದಾಗಿ ಶೆಡ್ ಹಾಕುವ ಹುಡುಗರು ಕೇಳುವುದು ಒಂದೇ, ಯಾವ ಕಂಪನಿ ರಾಡ್ ಒಳ್ಳೇದು ಅಣ್ಣಾ ಅಂತ. ರಾಡ್ ಅಂದರೆ ಕರಗಿ ಬೆಸುಗೆಯಾಗುವ, ಮೈಮೇಲೆ ಲೇಪ ಇರುವ ಕಡ್ಡಿ. ಹೆಸರಿರುವ ಮೂರು ಕಂಪನಿಯವನ್ನು ಸುಟ್ಟು ನೋಡಿದ್ದೇನೆ, ದೊಡ್ಡ ವ್ಯತ್ಯಾಸ ಏನೂ ಕಾಣಲಿಲ್ಲ. ರಾಡನ್ನು ಎಲ್ಲಿ ಇಟ್ಟಿದ್ದೀರಿ ಅನ್ನೋದನ್ನು ಮೊದಲು ಹೇಳಿ, ಆಮೇಲೆ ಕಂಪನಿ ಮಾತಾಡೋಣ.

ದಿನದ ಊಟ 6013 ನಂಬರಿನ ರಾಡ್. ಸಾದಾ ಕಬ್ಬಿಣಕ್ಕೆ ಇದೇ ಸಾಕು. 2.5 ಎಂಎಂ ರಾಡಿಗೆ 70ರಿಂದ 90 ಆಂಪ್, 3.15ಕ್ಕೆ 100ರಿಂದ 130. ರಾಡ್ ಕಚ್ಚುವ ಹೋಲ್ಡರನ್ನು ಮೆಷಿನ್ನಿನ ಪ್ಲಸ್‌ಗೆ ಹಾಕಿ, ಮೈನಸ್‌ಗೆ ಹಾಕಿ, ಎಣ್ಣೆಯಲ್ಲಿ ತಣಿಯುವ ಹಳೇ ಮೆಷಿನ್ನಿಗೆ ಹಾಕಿ, ತಕರಾರಿಲ್ಲದೆ ಉರಿಯುತ್ತದೆ. ಬೆಸುಗೆ ಮೇಲೆ ಕೂರುವ ಸಿಪ್ಪೆ, ಅಂದರೆ ಸ್ಲ್ಯಾಗ್, ತಾನಾಗೇ ಬಿಟ್ಟುಕೊಳ್ಳುತ್ತದೆ. ತೆಳು ಚೌಕ ಪೈಪು ತೂತು ಬೀಳುತ್ತಿದ್ದರೆ ಆಂಪ್ ಇಳಿಸುತ್ತಾ ಒದ್ದಾಡಬೇಡಿ, 2 ಎಂಎಂ ರಾಡ್ ತನ್ನಿ.

ನಾನು ಪೆಟ್ಟು ತಿಂದದ್ದು 7018ರಲ್ಲಿ. ಭಾರ ಎಳೆಯುವ ಜಾಗಕ್ಕೆ ಇದೇ ಬೇಕು ಅಂತ ಎಲ್ಲರೂ ಹೇಳುತ್ತಾರೆ, ಸರಿಯೇ. ಎರಡನೇ ವರ್ಷ ಆಷಾಢದಲ್ಲಿ ಒಂದು ಟ್ರೇಲರಿನ ಕೊಕ್ಕೆಗೆ ಅದರಲ್ಲೇ ಬೆಸುಗೆ ಹಾಕಿದೆ. ಡಬ್ಬಿ ಒಡೆದು ಮೂರು ವಾರ ಹಲಗೆ ಮೇಲೆ ಸುಮ್ನೆ ಇಟ್ಟಿದ್ದೆ, ನಮ್ಮ ಕಡೆ ಆಗ ಬಾಗಿಲ ಚೌಕಟ್ಟೇ ಉಬ್ಬಿ ಕೂತಿರುತ್ತದೆ, ರಾಡಿನ ಲೇಪ ಮಾತ್ರ ಒಣಗಿರುತ್ತಾ? ಹದಿನೈದು ದಿನಕ್ಕೆ ಕೊಕ್ಕೆ ಕಿತ್ತು ಬಂತು. "ಎಂತ ಮಾರಾಯಾ, ಬೆಲ್ಲ ಹಾಕಿ ಅಂಟಿಸಿದ್ಯಾ?" ಅಂದರು ಟ್ರೇಲರಿನವರು. ಮುರಿದ ಕಡೆ ನೋಡಿದರೆ ಒಳಗೆಲ್ಲ ದೋಸೆ ಥರ ತೂತು. ಆ ದಿನ ದುಡ್ಡು ತಗೊಳ್ಳಲಿಲ್ಲ.

ಆಮೇಲೆ ತಿಳಿದದ್ದು, 7018ರ ಇಡೀ ಉಪಯೋಗ ಅದರ ಲೇಪದಲ್ಲಿ ನೀರಿನ ಪಸೆ ಇರಬಾರದು ಅನ್ನೋದರ ಮೇಲೆ ನಿಂತಿದೆ. ಪಸೆ ಇದ್ದರೆ ಹೈಡ್ರೋಜನ್ ಬೆಸುಗೆಯೊಳಗೆ ಸೇರುತ್ತದೆ, ಗಟ್ಟಿ ಉಕ್ಕಾದರೆ ಮಾರನೇ ದಿನ ಬೇಕಾದರೂ ಸೀಳುತ್ತದೆ. ಒದ್ದೆಯಾದ ರಾಡನ್ನು 250ರಿಂದ 300 ಡಿಗ್ರಿಯಲ್ಲಿ ಒಂದೆರಡು ತಾಸು ಕಾಯಿಸಬೇಕು, ಡಬ್ಬಿಯ ಮೇಲೆ ಬರೆದದ್ದನ್ನು ನೋಡಿಕೊಳ್ಳಿ. ನಾನು ಕೊನೆಗೆ 5 ಕೆಜಿ ರಾಡ್ ಹಿಡಿಯುವ ಓವನ್ ತಗೊಂಡೆ. ಮೆಷಿನ್ ಬಿಟ್ಟರೆ ನಾನು ಮಾಡಿದ ಒಳ್ಳೇ ಖರ್ಚು ಅದೊಂದೇ. ಹಳೇ ಫ್ರಿಜ್ಜಿನೊಳಗೆ ಬಲ್ಬ್ ಉರಿಸಿ ರಾಡ್ ಬೆಚ್ಚಗಿಡುವ ಉಪಾಯ 6013ಕ್ಕೆ ನಡೆಯುತ್ತದೆ, ಒದ್ದೆಯಾದ 7018 ಅದರಲ್ಲಿ ಸರಿಹೋಗುವುದಿಲ್ಲ. ಹಾಗಂತ 6013 ಅನ್ನು 300 ಡಿಗ್ರಿಗೆ ಇಡಲೂ ಹೋಗಬೇಡಿ, ಅದರ ಲೇಪವೇ ಹಾಳಾಗುತ್ತದೆ, ನೂರರ ಆಸುಪಾಸು ಸಾಕು. ಓವನ್ ಇಲ್ಲದವರು ಮಳೆಗಾಲದಲ್ಲಿ 7018ರ ದೊಡ್ಡ ಡಬ್ಬಿ ತರಲೇಬೇಡಿ. 7018 ಸುಡುವಾಗ ಇನ್ವರ್ಟರಿನಲ್ಲಿ ಹೋಲ್ಡರ್ ಪ್ಲಸ್‌ಗೇ ಇರಲಿ.

ಸ್ಟೇನ್‌ಲೆಸ್ ಸ್ಟೀಲ್ ರೇಲಿಂಗಿಗೆ 308ಎಲ್ ರಾಡ್. ಸ್ಟೀಲನ್ನು ಕಬ್ಬಿಣಕ್ಕೆ ಕೂಡಿಸುವುದಿದ್ದರೆ 309ಎಲ್. ಆಂಪ್ ಜಾಸ್ತಿ ಇಟ್ಟರೆ ರಾಡ್ ಅರ್ಧಕ್ಕೇ ಕೆಂಪಗಾಗುತ್ತದೆ. ಇದಕ್ಕೆ ಬೇರೆ ಸ್ಟೀಲ್ ಬ್ರಷ್, ಬೇರೆ ಗ್ರೈಂಡಿಂಗ್ ಡಿಸ್ಕ್ ಇಡಿ. ಕಬ್ಬಿಣ ಉಜ್ಜಿದ ಬ್ರಷ್ಷಿನಲ್ಲೇ ಉಜ್ಜಿ ಕೊಟ್ಟ ರೇಲಿಂಗಿಗೆ ತುಕ್ಕು ಹಿಡಿದು ನನಗೆ ಫೋನ್ ಬಂದಿದೆ. ಇನ್ನೊಂದು, ಸ್ಟೀಲಿನ ಸ್ಲ್ಯಾಗ್ ತಣ್ಣಗಾಗುವಾಗ ಹುರಿದ ಜೋಳದ ಹಾಗೆ ಸಿಡಿಯುತ್ತದೆ, ಹೆಲ್ಮೆಟ್ ಎತ್ತಿದ ಮೇಲೂ ಕನ್ನಡಕ ಇರಲಿ.

ಟಿಲ್ಲರಿನ ಬೀಡು ಕಬ್ಬಿಣದ ಭಾಗ ಬಿರುಕು ಬಿಟ್ಟರೆ ನಿಕಲ್ ರಾಡ್. ತುಂಬಾ ದುಬಾರಿ, ಅದಕ್ಕೇ ನಾನು ಬಿಡಿ ಬಿಡಿಯಾಗಿ ತರುತ್ತೇನೆ. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದು, ಒಳಗೆ ಇಳಿದ ಎಣ್ಣೆ ಸುಟ್ಟು ತೆಗೆದು, ಒಂದು ಇಂಚಿನಷ್ಟು ಬೆಸುಗೆ ಹಾಕಿ, ಬಿಸಿ ಇರುವಾಗಲೇ ಮೆಲ್ಲಗೆ ಸುತ್ತಿಗೆಯಲ್ಲಿ ತಟ್ಟಿ, ಕೈ ಮುಟ್ಟುವಷ್ಟು ಆರಿದ ಮೇಲೆ ಮುಂದಿನ ಇಂಚು. ಅರ್ಜೆಂಟ್ ಅನ್ನುವ ಗಿರಾಕಿಗೆ ಚಹಾ ಕುಡಿದು ಬರಲು ಹೇಳುತ್ತೇನೆ.

ಉಳಿದ ಸಾಮಾನಲ್ಲಿ ಕಂಜೂಸ್ತನ ಮಾಡಬಾರದ್ದು ಬೆಸೆಯುವ ಕಬ್ಬಿಣಕ್ಕೆ ಕಚ್ಚಿಸುವ ಅರ್ಥ್ ಕ್ಲ್ಯಾಂಪು ಮತ್ತು ಕೇಬಲ್. ಮೆಷಿನ್ ಜೊತೆ ಬಂದ ತಗಡಿನ ಕ್ಲ್ಯಾಂಪು ಬಿಸಿಯಾಗಿ ರಾಡಿನ ತುದಿಯ ಉರಿ, ಅಂದರೆ ಆರ್ಕ್, ತಡವರಿಸುತ್ತಿತ್ತು, ನಾನು ಎಷ್ಟು ದಿನ ರಾಡನ್ನೇ ಬೈದೆ! ಹಿತ್ತಾಳೆಯದು ಹಾಕಿ, 25 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಹಾಕಿದ ಮೇಲೆ ಸರಿಯಾಯ್ತು. ಜಿಐ ಪೈಪಿನ ಸತುವಿನ ಲೇಪ ಉಜ್ಜಿ ತೆಗೆದೇ ಬೆಸುಗೆ ಹಾಕಿ, ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ.

ಅಲ್ಯೂಮಿನಿಯಂ ರಾಡೂ ಒಂದು ಪ್ಯಾಕೆಟ್ ತಂದಿದ್ದೆ. ಮೂರು ಸುಟ್ಟೆ, ಮೂರು ತೂತು ಬಿತ್ತು. ಉಳಿದದ್ದು ಓವನ್ನಿನ ಮೂಲೆಯಲ್ಲಿದೆ, ಅಂಥ ಕೆಲಸ ಬಂದರೆ ಈಗ ಶಿವಮೊಗ್ಗದಲ್ಲಿ ಆರ್ಗಾನ್ ಗ್ಯಾಸಿನ ಟಿಗ್ ವೆಲ್ಡಿಂಗ್ ಮೆಷಿನ್ ಇರುವವರ ಹತ್ತಿರ ಕಳಿಸುತ್ತೇನೆ.